ಸಾವಕಾರರು ಪತ್ರಿಕೆ ಕೇಳುತ್ತಿದ್ದಾರೆ, ಕೊಡಲೇ?

ಪ್ರಶ್ನೆ: ಜಮಖಂಡಿ ಭಾಗದಲ್ಲಿ ನಾಲ್ಕು ಪುಟದ ಒಂದು ದಿನಪತ್ರಿಕೆ ನಡೆಸುತ್ತಿದ್ದೇನೆ. ಅಪ್ಪ ಶುರು ಮಾಡಿದ್ದು. ಸಂಪಾದಕನೂ ನಾನೇ, ಮಾಲೀಕನೂ ನಾನೇ, ಎಷ್ಟೋ ದಿನ ಪ್ರೂಫ್ ತಿದ್ದುವವನೂ ನಾನೇ. ಕಾಗದದ ಬಿಲ್ಲು, ಅಚ್ಚಿನ ಖರ್ಚು, ಇಬ್ಬರು ಹುಡುಗರ ಪಗಾರ ಯಾವುದೂ ಈಗ ಹೊಂದುತ್ತಿಲ್ಲ. ಜಿಲ್ಲೆಯ ಒಬ್ಬ ಸಾವಕಾರರು ಪತ್ರಿಕೆ ಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ ಕಾರ್ಖಾನೆ ಇದೆ, ಕೇಬಲ್ ಜಾಲ ಇದೆ, ಯೂಟ್ಯೂಬ್ ಚಾನೆಲ್ ಇದೆ. ಹೋದ ವರ್ಷ ಇನ್ನೊಂದು ಪತ್ರಿಕೆಯನ್ನೂ ಕೊಂಡಿದ್ದಾರೆ. "ಮಾರೂ ಮನಸ್ಸಿಲ್ಲಂದ್ರ ಬ್ಯಾಡ್ರಿ, ಬಡ್ಡಿ ಇಲ್ದ ಸಾಲ ಕೊಡ್ತೀನಿ, ಆದಾಗ ತೀರಸ್ರಿ, ಸಂಪಾದಕ್ರು ನೀವs ಇರ್ರಿ" ಎಂದೂ ಹೇಳಿದ್ದಾರೆ. ಗೆಳೆಯರು, "ದಿಲ್ಲಿ, ಮುಂಬೈ ಚಾನೆಲ್ಲೆಲ್ಲಾ ಇಬ್ಬರ ಕೈಯಾಗ ಅದಾವ, ನಿನ್ನ ನಾಕ್ ಪುಟದಿಂದ ಪ್ರಜಾಪ್ರಭುತ್ವ ಉಳಿಯೂದೇನು" ಎಂದು ನಗುತ್ತಾರೆ. ಧಾರವಾಡದಲ್ಲಿ ಓದುವ ಮಗಳು ಮಾತ್ರ ಮಾರಬೇಡ ಎಂದು ಹಟ ಹಿಡಿದಿದ್ದಾಳೆ. ಯಾರ ಮಾತು ಸರಿ? ಇದನ್ನೆಲ್ಲ ತಡೆಯುವ ಕಾನೂನು ಇಲ್ಲವೇ? ನಾನೇನು ಮಾಡಲಿ?

ಉತ್ತರ:

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಬಡ್ಡಿ ಇಲ್ಲದ ಸಾಲವನ್ನು ಮಾತ್ರ ಮುಟ್ಟಬೇಡಿ. ಪತ್ರಿಕೆ ಮಾರಿದರೆ ಮಾರಿದಿರಿ, ಊರಿಗೆಲ್ಲ ಗೊತ್ತಾಗುತ್ತದೆ, ಅದಕ್ಕೊಂದು ಮರ್ಯಾದೆ ಇದೆ. ಸಾಲದಲ್ಲಿ ಅದೂ ಇಲ್ಲ. ಕಾರಣಕ್ಕೆ ಆಮೇಲೆ ಬರುತ್ತೇನೆ.

ಹಣದ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ಪತ್ರದಲ್ಲಿ ಕಾಣುವ ಅಳುಕು ಬೇರೆ: ಒಂದೇ ಜಿಲ್ಲೆಯ ಕೇಬಲ್, ಪತ್ರಿಕೆ, ಯೂಟ್ಯೂಬ್ ಎಲ್ಲ ಒಬ್ಬರವೇ ಆಗುವಾಗ ನಾನೂ ಅದಕ್ಕೆ ಕೈ ಹಚ್ಚಿದಂತಾಯಿತೇ ಎಂಬುದು. ಗೆಳೆಯರ ಮಾತಿನಿಂದಲೇ ಶುರು ಮಾಡೋಣ.

ಎಲ್ಲ ಇಬ್ಬರ ಕೈಯಲ್ಲಿದೆ ಎನ್ನುವುದು ಅರ್ಧ ನಿಜ. 2014ರಲ್ಲಿ ರಿಲಯನ್ಸ್, ಟಿವಿ ವಾಹಿನಿಗಳ ಬಳಗವಾದ ನೆಟ್‌ವರ್ಕ್18 ಅನ್ನು ವಶಕ್ಕೆ ತೆಗೆದುಕೊಂಡಿತು. 2022ರ ಡಿಸೆಂಬರಿನ ಹೊತ್ತಿಗೆ ಎನ್‌ಡಿಟಿವಿ ಅದಾನಿ ಬಳಗದ್ದಾಯಿತು. ಕನ್ನಡಕ್ಕೂ ಇದು ತಟ್ಟಿದೆ. 2000ದಲ್ಲಿ ರಾಮೋಜಿ ಬಳಗ ಆರಂಭಿಸಿದ ಈಟಿವಿ ಕನ್ನಡ ಅದೇ ನೆಟ್‌ವರ್ಕ್18 ಬಳಗದ ಕೈಗೆ ಹೋಗಿ ಕಲರ್ಸ್ ಕನ್ನಡವಾಯಿತು, ಅದರ ಸುದ್ದಿವಾಹಿನಿ ನ್ಯೂಸ್18 ಕನ್ನಡವಾಯಿತು. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಮನರಂಜನಾ ವ್ಯವಹಾರಗಳು ಒಂದಾದ ಮೇಲೆ, ಎದುರಾಬದುರು ಧಾರಾವಾಹಿ ಹಾಕುತ್ತಿದ್ದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಒಂದೇ ಮನೆಯವು.

ಕನ್ನಡ ದಿನಪತ್ರಿಕೆಗಳ ಸಂಗತಿ ಹಾಗಿಲ್ಲ. ಹುಬ್ಬಳ್ಳಿಯ ಸಾರಿಗೆ ಉದ್ಯಮಿ, ಸಂಸದರೂ ಆಗಿದ್ದ ವಿಜಯ ಸಂಕೇಶ್ವರ 1999ರಲ್ಲಿ ವಿಜಯ ಕರ್ನಾಟಕ ತಂದರು, 2006ರಲ್ಲಿ ಅದನ್ನು ಟೈಮ್ಸ್ ಬಳಗಕ್ಕೆ ಮಾರಿದರು, 2012ರಲ್ಲಿ ವಿಜಯವಾಣಿ ಎಂದು ಹೊಸದಾಗಿ ಶುರು ಮಾಡಿದರು. ಇಂಡಿಯನ್ ಎಕ್ಸ್‌ಪ್ರೆಸ್ ಬಳಗದಲ್ಲಿದ್ದ ಕನ್ನಡಪ್ರಭ ಉದ್ಯಮಿ, ರಾಜಕಾರಣಿ ರಾಜೀವ್ ಚಂದ್ರಶೇಖರ್ ಅವರ ಬಳಗಕ್ಕೆ ಹೋಯಿತು. ಪ್ರಜಾವಾಣಿ ಒಂದು ಕುಟುಂಬದ ಕಂಪನಿಯದು, ಉದಯವಾಣಿ ಮಣಿಪಾಲದವರದು. ನಮ್ಮ ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಗೆ ಹೋಗಿ ಬೆಳೆದ ಸಂಯುಕ್ತ ಕರ್ನಾಟಕ ಟ್ರಸ್ಟಿನದು. ಬೆಳಗಾವಿಯ ಮರಾಠಿ ಓದುಗರಿಗೆ 1919ರಿಂದ ತರುಣ ಭಾರತ ಇದೆ. ಇವರೆಲ್ಲ ಬೇರೆ ಬೇರೆ ಜನ, ಬೇರೆ ಬೇರೆ ಹಿತಾಸಕ್ತಿ. ಆದ್ದರಿಂದ ಬೆಂಗಳೂರಿನ ಓದುಗನ ಮಟ್ಟಿಗೆ ಆಯ್ಕೆ ಇನ್ನೂ ಇದೆ.

ತೊಂದರೆ ಇರುವುದು ನಿಮ್ಮ ತಾಲ್ಲೂಕಿನಲ್ಲಿ. ಬಸ್ ನಿಲ್ದಾಣದ ಅಂಗಡಿಯಲ್ಲಿ ಪತ್ರಿಕೆಗಳ ಹೆಸರು ಎಷ್ಟಿವೆ ಎಂದು ಎಣಿಸಿದರೆ ಸಮಾಧಾನವಾಗುತ್ತದೆ. ಆದರೆ ಅವುಗಳ ಹಿಂದೆ ಹಣ ಹಾಕುವ ಕಿಸೆ ಎಷ್ಟು ಎಂದು ಎಣಿಸಿ. ಅವುಗಳಲ್ಲಿ ಎಷ್ಟು ಪತ್ರಿಕೆ ನಿಮ್ಮ ತಾಲ್ಲೂಕಿನಲ್ಲಿ ಒಬ್ಬನಿಗೆ ಪೂರ್ತಿ ಪಗಾರ ಕೊಟ್ಟು ಇಟ್ಟುಕೊಂಡಿವೆ ಎಂದೂ ಎಣಿಸಿ. ಆಗ ನಿಮ್ಮ ನಾಲ್ಕು ಪುಟದ ಬೆಲೆ ತಿಳಿಯುತ್ತದೆ. ದೊಡ್ಡ ಪತ್ರಿಕೆಗಳ ಜಿಲ್ಲಾ ಪುಟ ಒಳ್ಳೆಯ ವ್ಯವಸ್ಥೆಯೇ, ಊರಿನ ಸುದ್ದಿಗೆ ಅಲ್ಲಿ ಜಾಗ ಸಿಕ್ಕಿತು. ಆದರೆ ಬಾಗಲಕೋಟೆ ಪುಟದಲ್ಲಿ ಬಂದದ್ದನ್ನು ಬೆಳಗಾವಿಯವರು ನೋಡುವುದಿಲ್ಲ, ವಿಧಾನಸೌಧವಂತೂ ನೋಡುವುದೇ ಇಲ್ಲ.

ಮಾಲೀಕತ್ವ ಒಂದೆಡೆ ಸೇರಿದರೆ ಏನು ಕೆಡುತ್ತದೆ ಎಂಬುದನ್ನು ಜನ ತಪ್ಪಾಗಿ ಊಹಿಸುತ್ತಾರೆ. ಮಾಲೀಕರು ಫೋನ್ ಮಾಡಿ "ಇದನ್ನು ಹಾಕಬೇಡ" ಎನ್ನುತ್ತಾರೆ ಎಂದುಕೊಳ್ಳುತ್ತಾರೆ. ಡೆಸ್ಕಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಅಂಥ ಫೋನು ಅಪರೂಪ. ನಾನು ಬೆಳಗಾವಿಯಲ್ಲಿದ್ದಾಗ ಕಬ್ಬಿನ ಬಾಕಿಯ ಒಂದು ಸುದ್ದಿ ಬಂತು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ವರದಿಗಾರ ರೈತರ ತೂಕದ ಚೀಟಿಗಳನ್ನು ತಾರೀಖಿನ ಸಮೇತ ತಂದಿದ್ದ. ಬೆರಳಿಟ್ಟು ತಪ್ಪು ತೋರಿಸಲಾಗದ ಕಾಪಿ. ಅದೇ ವಾರ ಆ ಕಾರ್ಖಾನೆಯ, ಹಂಗಾಮಿನ ಆರಂಭದ ಬಾಯ್ಲರ್ ಪ್ರದೀಪನದ ಪೂರ್ಣಪುಟ ಜಾಹೀರಾತು ಬರುವುದಿತ್ತು. ಜಾಹೀರಾತು ವಿಭಾಗದವರು ಬಂದು ಚಹಾ ಕುಡಿದು ಹೋದರು, ಅಷ್ಟೇ. ಯಾರೂ ಏನೂ ಹೇಳಲಿಲ್ಲ. ಸುದ್ದಿಯ ಮೇಲೆ "ನಾಳೆ ನೋಡೋಣ" ಎಂದು ಬರೆದು ಬದಿಗಿಟ್ಟರು.

ಮರುದಿನ ಬೆಳಿಗ್ಗೆ ಅದೇ ಸುದ್ದಿ ಎದುರು ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿತ್ತು. ಹತ್ತು ಗಂಟೆಗೆ ಮುಖ್ಯ ಕಚೇರಿಯಿಂದ ಫೋನ್: "ಅವರು ಹಾಕ್ಯಾರ, ನಾವ್ಯಾಕ ಬಿಟ್ಟೀವಿ?" ಸಂಜೆ ನಮ್ಮ ಪುಟದಲ್ಲೂ ಬಂತು, ಇನ್ನಷ್ಟು ಚೀಟಿಗಳ ಜೊತೆಗೆ. ಜಾಹೀರಾತೂ ಬಂತು ಅನ್ನಿ.

ನಮ್ಮ ಧೈರ್ಯ ಅಲ್ಲಿ ಏನೂ ಇರಲಿಲ್ಲ. ಸುದ್ದಿ ಬದುಕಿದ್ದು ಎದುರಿಗೆ ಇನ್ನೊಬ್ಬ ಇದ್ದ ಕಾರಣ. ಆ ಎರಡೂ ಪತ್ರಿಕೆ ಒಬ್ಬರವೇ ಆಗಿದ್ದರೆ, ಕೇಬಲ್ಲೂ ಅವರದೇ ಆಗಿದ್ದರೆ, ಕಾರ್ಖಾನೆಯೂ ಅವರದೇ ಆಗಿದ್ದರೆ, "ನಾಳೆ ನೋಡೋಣ" ಎಂಬ ಆ ಚೀಟಿಯೇ ಕೊನೆ. ಅದಕ್ಕೆ ಯಾರೂ ಕೆಟ್ಟವರಾಗಬೇಕಾಗಿಲ್ಲ. ಹುಡುಗರು ತಾವೇ ಅರ್ಥ ಮಾಡಿಕೊಂಡು ಅಂಥ ಸುದ್ದಿ ತರುವುದನ್ನು ಬಿಡುತ್ತಾರೆ. ಎರಡು ವರ್ಷ ಕಳೆದರೆ ತಡೆಹಿಡಿಯಲು ಸುದ್ದಿಯೇ ಇರುವುದಿಲ್ಲ. ಮತದಾರನಿಗೆ ತನ್ನ ಶಾಸಕನ ಬಗ್ಗೆ, ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರಿ ಸಂಘ) ಸಾಲದ ಬಗ್ಗೆ, ಮುಳುಗಡೆ ಪರಿಹಾರದ ಬಗ್ಗೆ ಗೊತ್ತಾಗುವುದು ಇಂಥ ಸಣ್ಣ ಸುದ್ದಿಗಳಿಂದ. ಪ್ರಜಾಪ್ರಭುತ್ವಕ್ಕೆ ಅಪಾಯ ಎನ್ನುವ ದೊಡ್ಡ ಮಾತು ತಾಲ್ಲೂಕಿಗೆ ಇಳಿದಾಗ ಇಷ್ಟೇ ಆಗಿರುತ್ತದೆ. ಈ ಮಟ್ಟಿಗೆ ನಿಮ್ಮ ಮಗಳು ಹೇಳಿದ್ದು ಸರಿ.

ಆದರೆ ಇನ್ನೊಂದು ಭ್ರಮೆಯನ್ನೂ ಬಿಡಬೇಕು. ಸಣ್ಣ ಪತ್ರಿಕೆ ಎಂದರೆ ಸ್ವತಂತ್ರ ಪತ್ರಿಕೆ ಎಂದೇನೂ ಅಲ್ಲ. ದೊಡ್ಡವರಿಗೆ ಹತ್ತು ಜಾಹೀರಾತುದಾರರಲ್ಲಿ ಒಬ್ಬ ಮುನಿಸಿಕೊಂಡರೆ ಒಂಬತ್ತು ಮಂದಿ ಉಳಿಯುತ್ತಾರೆ, ಮಾನನಷ್ಟ ಮೊಕದ್ದಮೆ ಬಿದ್ದರೆ ವಕೀಲರಿರುತ್ತಾರೆ. ನಿಮಗೆ ನಾಯಕರ ಹುಟ್ಟುಹಬ್ಬದ ಶುಭಾಶಯ ಪುಟಗಳು, ವಾರ್ತಾ ಇಲಾಖೆಯ ಜಾಹೀರಾತು, ದೀಪಾವಳಿ ವಿಶೇಷಾಂಕ ಬಿಟ್ಟರೆ ಇನ್ನೇನಿದೆ? ಸುದ್ದಿ ತರುವ ಹುಡುಗನೇ ಜಾಹೀರಾತನ್ನೂ ತರಬೇಕು ಎಂಬ ಪದ್ಧತಿ ನಿಮ್ಮಲ್ಲೂ ಇದ್ದರೆ (ಇಲ್ಲದ ಕಡೆ ನಾನು ನೋಡಿದ್ದು ಕಡಿಮೆ), ಅವನು ಯಾರ ಮೇಲೆ ಬರೆದಾನು? 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಾಸಿಗಾಗಿ ಸುದ್ದಿಯ ಬಗ್ಗೆ ವರದಿ ಕೊಟ್ಟಿತು. ಆ ರೋಗಕ್ಕೆ ಪತ್ರಿಕೆಯ ಗಾತ್ರ ಲೆಕ್ಕಕ್ಕಿಲ್ಲ.

ಯೂಟ್ಯೂಬ್ ಬಂದಮೇಲೆ ಯಾರ ಏಕಸ್ವಾಮ್ಯವೂ ನಡೆಯದು ಎನ್ನುವವರೂ ಇದ್ದಾರೆ. ಮೊಬೈಲ್ ಇದ್ದವನೆಲ್ಲ ಚಾನೆಲ್ ಮಾಡಬಹುದು, ನಿಜ. ಆದರೆ ತಾಲ್ಲೂಕು ಪಂಚಾಯಿತಿಯ ಕೆಡಿಪಿ ಸಭೆಗೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಗೆ, ಹೋಗಿ ಮೂರು ತಾಸು ಕೂತು, ಅಧಿಕಾರಿ ಓದಿದ ಅಂಕಿಯನ್ನು ಹಿಂದಿನ ಸಭೆಯ ಅಂಕಿಯ ಜೊತೆ ತಾಳೆ ನೋಡುವವರು ಎಷ್ಟು ಮಂದಿ? ಮೈಕ್ ಹಿಡಿದವರು ಹೆಚ್ಚಿದ್ದಾರೆ, ಕೂತು ಕೇಳುವವರು ಕಡಿಮೆಯಾಗಿದ್ದಾರೆ.

ಇನ್ನು ಕಾನೂನು. ನಿಮ್ಮ ಸಾವಕಾರರನ್ನು ತಡೆಯುವ ಕಾನೂನು ಇಲ್ಲ. ಒಬ್ಬರೇ ಪತ್ರಿಕೆ, ಟಿವಿ, ಕೇಬಲ್ ಎಲ್ಲ ಇಟ್ಟುಕೊಳ್ಳುವುದಕ್ಕೆ ಮಿತಿ ಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2009ರಲ್ಲೂ 2014ರಲ್ಲೂ ಶಿಫಾರಸು ಮಾಡಿತು. ಪ್ರಾಬಲ್ಯವನ್ನು ಅಳೆಯುವಾಗ ಇಡೀ ದೇಶವನ್ನು ಒಂದು ಮಾರುಕಟ್ಟೆ ಎಂದು ನೋಡದೆ ಭಾಷೆ ಮತ್ತು ರಾಜ್ಯವಾರು ನೋಡಬೇಕು ಎಂದ ಅದರ ಮಾತು ನನಗೆ ಬಹಳ ಸರಿ ಕಂಡಿತ್ತು. 2022ರಲ್ಲಿ ಮತ್ತೆ ಸಮಾಲೋಚನಾ ಪತ್ರ ಹೊರಡಿಸಿತು. ಕಾನೂನು ಮಾತ್ರ ಬರಲಿಲ್ಲ. ಸ್ಪರ್ಧಾ ಆಯೋಗ ದೊಡ್ಡ ವಿಲೀನಗಳನ್ನು ಪರಿಶೀಲಿಸುತ್ತದೆ, ರಿಲಯನ್ಸ್–ಡಿಸ್ನಿಯದನ್ನೂ ಷರತ್ತು ಹಾಕಿಯೇ ಒಪ್ಪಿದ್ದು. ಆದರೆ 2024ರ ಮಾರ್ಚಿನ ಅಧಿಸೂಚನೆಯಂತೆ, ಮಾರಾಟವಾಗುವ ಸಂಸ್ಥೆಯ ಆಸ್ತಿ 450 ಕೋಟಿ ರೂಪಾಯಿ ಅಥವಾ ವಹಿವಾಟು 1,250 ಕೋಟಿ ದಾಟದಿದ್ದರೆ ಸಾಮಾನ್ಯವಾಗಿ ಆಯೋಗಕ್ಕೆ ತಿಳಿಸುವ ಅಗತ್ಯವೇ ಇಲ್ಲ. ನಿಮ್ಮ ಪತ್ರಿಕೆ ಎಲ್ಲಿ, ಆ ಕೋಟಿ ಎಲ್ಲಿ! ತಿಳಿಸಿದರೂ ಆಯೋಗ ನೋಡುವುದು ಜಾಹೀರಾತು ದರ, ಮಾರುಕಟ್ಟೆ ಪಾಲು. ಊರಿನಲ್ಲಿ ಎಷ್ಟು ದನಿ ಉಳಿದವು ಎಂದು ಅದು ಕೇಳುವುದಿಲ್ಲ. ಪತ್ರಿಕಾ ಮಂಡಳಿಗೆ 1978ರ ಕಾಯ್ದೆಯ 13ನೇ ಕಲಮಿನಲ್ಲೇ ಮಾಲೀಕತ್ವ ಒಂದೆಡೆ ಸೇರುವುದರ ಮೇಲೆ ಕಣ್ಣಿಡುವ ಹೊಣೆ ಇದೆ. ಆದರೆ ಅದು ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ದಂಡ ಹಾಕಲಾರದು.

ಹಾಗಾದರೆ ಬಿಗಿ ಕಾನೂನು ತಂದುಬಿಡಲಿ ಎನ್ನುತ್ತೀರಾ? ಇಲ್ಲಿ ನನಗೆ ಅನುಮಾನವಿದೆ. ದೊಡ್ಡವರ ಏಕಸ್ವಾಮ್ಯ ತಡೆಯಲೆಂದೇ 1956ರಲ್ಲಿ ಒಂದು ಕಾಯ್ದೆ ಬಂತು, ಪುಟದ ಸಂಖ್ಯೆಗೆ ತಕ್ಕಂತೆ ಪತ್ರಿಕೆಯ ಬೆಲೆ ನಿಗದಿ ಮಾಡಲು. ಅದರ ಕೆಳಗೆ 1960ರಲ್ಲಿ ಹೊರಟ ಆದೇಶ ತಾಗಿದ್ದು ಪುಣೆಯ ಸಕಾಳ ಪತ್ರಿಕೆಗೆ. ಅವರು ಸುಪ್ರೀಂ ಕೋರ್ಟಿಗೆ ಹೋದರು. 1961ರಲ್ಲಿ ಕೋರ್ಟು ಆ ಕಟ್ಟಳೆಯನ್ನು ಹೊಡೆದುಹಾಕಿತು: ವ್ಯಾಪಾರದ ಪೈಪೋಟಿ ಸರಿಮಾಡಲು ಹೋಗಿ ಮಾತಿನ ಸ್ವಾತಂತ್ರ್ಯ ಮೊಟಕುಗೊಳಿಸುವಂತಿಲ್ಲ ಎಂದು. ಸರ್ಕಾರವೇ ಒಗ್ಗೂಡಿಸಲು ನಿಂತರೆ ಇನ್ನೂ ಕೆಟ್ಟದ್ದು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಪಿಟಿಐ, ಯುಎನ್‌ಐ, ಹಿಂದೂಸ್ಥಾನ್ ಸಮಾಚಾರ್, ಸಮಾಚಾರ್ ಭಾರತಿ ನಾಲ್ಕನ್ನೂ ಕೂಡಿಸಿ 'ಸಮಾಚಾರ್' ಎಂಬ ಒಂದೇ ಸುದ್ದಿಸಂಸ್ಥೆ ಮಾಡಿದರು. ಮತ್ತೆ ಬೇರೆಯಾದದ್ದು 1978ರಲ್ಲಿ. ಹಂಗೇರಿಯಲ್ಲಿ 2018ರಲ್ಲಿ ಆಳುವವರ ಆಪ್ತ ಉದ್ಯಮಿಗಳು 400ಕ್ಕೂ ಹೆಚ್ಚು ಮಾಧ್ಯಮಗಳನ್ನು ಒಂದೇ ಪ್ರತಿಷ್ಠಾನಕ್ಕೆ ದಾನ ಮಾಡಿದರು, ಸರ್ಕಾರ ಅದಕ್ಕೆ ಸ್ಪರ್ಧಾ ಪರಿಶೀಲನೆಯಿಂದಲೇ ವಿನಾಯಿತಿ ಕೊಟ್ಟಿತು. ಆದ್ದರಿಂದ ನಾನು ಕೇಳುವ ಕಾನೂನು ಸಣ್ಣದು. ಯಾವ ಪತ್ರಿಕೆ ಯಾರದು, ಅವರ ಬೇರೆ ವ್ಯವಹಾರಗಳೇನು, ಸಾಲ ಯಾರದು ಎಂಬುದು ಓದುಗನಿಗೆ ಗೊತ್ತಾಗಬೇಕು. ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಮಾಲೀಕತ್ವದ ವಿವರವನ್ನು, ಶೇ 1ಕ್ಕಿಂತ ಹೆಚ್ಚು ಬಂಡವಾಳ ಇಟ್ಟವರ ಹೆಸರಿನ ಸಮೇತ, ಅಚ್ಚು ಹಾಕುವ ಪದ್ಧತಿ ಪತ್ರಿಕೆ ನೋಂದಣಿಯ ಹಳೆಯ ಕಾಯ್ದೆಯ ಕಾಲದ್ದು. ಒಳಪುಟದ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕುತ್ತೇವೆ, ನೀವೂ ಹಾಕಿರುತ್ತೀರಿ.

ಈಗ ಸಾಲದ ವಿಷಯ. ಎನ್‌ಡಿಟಿವಿ ಕೈ ಬದಲಾದದ್ದು ಹೇಗೆ ಎಂಬುದನ್ನು ನೋಡಿ. 2009ರ ಹೊತ್ತಿಗೆ ಅದರ ಸ್ಥಾಪಕರು ತಮ್ಮ ಷೇರುಗಳನ್ನು ಇಟ್ಟಿದ್ದ ಕಂಪನಿಯಾದ ಆರ್‌ಆರ್‌ಪಿಆರ್, ವಿಶ್ವಪ್ರಧಾನ್ ಕಮರ್ಷಿಯಲ್ ಎಂಬ ಕಂಪನಿಯಿಂದ 400 ಕೋಟಿಗೂ ಮಿಕ್ಕಿ ಸಾಲ ಪಡೆಯಿತು. ಬಡ್ಡಿ ಇಲ್ಲ. ಬದಲಿಗೆ ಬೇಕೆಂದಾಗ ಸಾಲವನ್ನು ಷೇರಾಗಿ ಮಾಡಿಕೊಳ್ಳುವ ಹಕ್ಕು. ವರ್ಷಗಟ್ಟಲೆ ಏನೂ ಆಗಲಿಲ್ಲ. 2022ರ ಆಗಸ್ಟಿನಲ್ಲಿ ಅದಾನಿ ಬಳಗ ಆ ವಿಶ್ವಪ್ರಧಾನ್ ಅನ್ನೇ ಕೊಂಡು ಹಕ್ಕು ಚಲಾಯಿಸಿತು, ಎನ್‌ಡಿಟಿವಿಯ ಶೇ 29ರಷ್ಟು ಪಾಲು ಸಿಕ್ಕಿತು. ಸ್ಥಾಪಕರು ತಮ್ಮನ್ನು ಕೇಳಲೇ ಇಲ್ಲ ಎಂದರು. ಕೇಳಬೇಕಾಗಿಯೂ ಇರಲಿಲ್ಲ, ಕಾಗದ ಹಾಗಿತ್ತು. ಸಾಲ ಕೊಟ್ಟವರು ಒಬ್ಬರು, ಕೊನೆಗೆ ಬಂದು ನಿಂತವರು ಇನ್ನೊಬ್ಬರು.

ನಿಮ್ಮ ಪ್ರಕರಣದಲ್ಲಿ ಇನ್ನೂ ಒಂದು ಗಂಟಿದೆ. "ಸಂಪಾದಕ್ರು ನೀವs ಇರ್ರಿ" ಎನ್ನುವುದು ಕೇಳಲು ಗೌರವದ ಮಾತು. ಆದರೆ ಸಂಪಾದಕ ಎಂದು ನಿಮ್ಮ ಹೆಸರು ಅಚ್ಚಾಗುವವರೆಗೆ ಮಾನನಷ್ಟದ ಸಮನ್ಸ್ ಬರುವುದು ನಿಮ್ಮ ಮನೆಗೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಅದು ಈಗಲೂ ಅಪರಾಧವೇ. ಅವರ ಎದುರಾಳಿಯ ಮೇಲೆ ಬರೆಸುವುದು ಅವರು, ಕೋರ್ಟಿಗೆ ಅಲೆಯುವುದು ನೀವು. ಅವರ ಸಾಲ ತಲೆಯ ಮೇಲಿರುವಾಗ ಬರೆಯುವುದಿಲ್ಲ ಎನ್ನಲು ನಿಮಗೆ ಬಾಯಿ ಬಂದೀತೇ?

ಪೂರ್ತಿ ಮಾರುವುದಾದರೆ ನನ್ನ ಅಭಿಪ್ರಾಯ ಇಷ್ಟು: ಮಾರುವುದಕ್ಕಿಂತ ಯಾರಿಗೆ ಮಾರುತ್ತೀರಿ ಎನ್ನುವುದು ದೊಡ್ಡದು. ಜಿಲ್ಲೆಯಲ್ಲಿ ಈಗಾಗಲೇ ಪತ್ರಿಕೆ, ಕೇಬಲ್ ಇರುವವರಿಗೆ ಕೊಟ್ಟರೆ ಒಂದು ಕಿಸೆ ಕಡಿಮೆಯಾಯಿತು. ಬೇರೆ ಮಾಧ್ಯಮವಿಲ್ಲದ ಒಬ್ಬರು ನಾಲ್ಕು ಕಾಸು ಕಡಿಮೆ ಕೊಟ್ಟರೂ ಅವರೇ ವಾಸಿ. ಅವರೂ ಉದ್ಯಮಿಯೇ ಇರಬಹುದು, ಇರಲಿ, ಇಬ್ಬರು ಉದ್ಯಮಿಗಳು ಒಬ್ಬರನ್ನೊಬ್ಬರು ಕಾಯುತ್ತಾರೆ. ಬೆಲೆ ಮಾತನಾಡುವಾಗ ನಿಮ್ಮಲ್ಲಿರುವ ಆಸ್ತಿ ಏನು ಎಂದೂ ತಿಳಿದಿರಲಿ. ಹಳೆಯ ಮಷಿನ್ನಿಗೆ, ಟೇಬಲ್ಲಿಗೆ ಯಾರೂ ಬರುವುದಿಲ್ಲ. ನೋಂದಾಯಿತ ಹೆಸರಿಗೆ ಬರುತ್ತಾರೆ. ಅದೇ ಹೆಸರನ್ನು ಈ ರಾಜ್ಯದಲ್ಲಿ ಬೇರೆಯವರು ಪಡೆಯಲಾಗದು, ಮತ್ತು ವರ್ಷಗಳಿಂದ ಎಡೆಬಿಡದೆ ಬಂದ ಪತ್ರಿಕೆ ಎಂಬ ದಾಖಲೆ ಸರ್ಕಾರಿ ಜಾಹೀರಾತಿನ ಪಟ್ಟಿಗೆ ಬೇಕಾಗುತ್ತದೆ. ಮಾರಿದ ದಿನವೇ ಸಂಪಾದಕ ಸ್ಥಾನದಿಂದ ಹೆಸರು ತೆಗೆಸಿ. ಅಪ್ಪನ ಕಾಲದಿಂದ ಬಂದ ಸಂಚಿಕೆಗಳ ಬೈಂಡುಗಳನ್ನು ಒಪ್ಪಂದದಿಂದ ಹೊರಗಿಟ್ಟು ಯಾವುದಾದರೂ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಕೊಂಡವರ ಗೋದಾಮಿನಲ್ಲಿ ಅಂಥವಕ್ಕೆ ಗೆದ್ದಲು ಹಿಡಿಯುವುದನ್ನು ಬೇಕಾದಷ್ಟು ನೋಡಿದ್ದೇನೆ.

ಪಾಲು ಮಾತ್ರ ಕೊಡುವುದಾದರೆ ಪತ್ರಿಕೆಯನ್ನು ಮೊದಲು ಖಾಸಗಿ ಕಂಪನಿ ಮಾಡಬೇಕು. ಶೇ 25 ದಾಟಬೇಡಿ. ಕಂಪನಿಯ ದೊಡ್ಡ ತೀರ್ಮಾನಗಳಿಗೆ ಬೇಕಾದ ವಿಶೇಷ ನಿರ್ಣಯಕ್ಕೆ ಮುಕ್ಕಾಲು ಮತ ಬೇಕು, ಅದಕ್ಕಿಂತ ಹೆಚ್ಚು ಕೊಟ್ಟರೆ ಅಡ್ಡಗಾಲು ಹಾಕುವ ಶಕ್ತಿ ಅವರ ಕೈಗೆ ಹೋಗುತ್ತದೆ. ಸಂಪಾದಕರನ್ನು ನೇಮಿಸುವುದು, ತೆಗೆಯುವುದು ವಿಶೇಷ ನಿರ್ಣಯದಿಂದಲೇ ಎಂದು ಕಂಪನಿಯ ಅಂತರ್ನಿಯಮಗಳಲ್ಲೇ (ಆರ್ಟಿಕಲ್ಸ್ ಆಫ್ ಅಸೋಸಿಯೇಷನ್) ಬರೆಸಿ. ಬೇರೆ ಕಾಗದದಲ್ಲಿ ಬರೆದ ಒಪ್ಪಂದ ಕಂಪನಿಯನ್ನು ಅಷ್ಟು ಬಿಗಿಯಾಗಿ ಕಟ್ಟುವುದಿಲ್ಲ. ಇಷ್ಟಾದರೂ ಅಪಾಯ ಇದ್ದೇ ಇದೆ: ಕೈಯಲ್ಲಿ ಹಣ ಖಾಲಿಯಾದಾಗ ಮತ್ತೆ ಅವರ ಬಾಗಿಲಿಗೇ ಹೋಗುತ್ತೀರಿ, ಆಗ ಶೇ 25 ಎನ್ನುವುದು 51 ಆಗಲು ಹೊತ್ತು ಹಿಡಿಯುವುದಿಲ್ಲ.

ಟ್ರಸ್ಟು, ಸಹಕಾರಿ ಸಂಘ ಮಾಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಚಂಡೀಗಢದ ಟ್ರಿಬ್ಯೂನ್ ಪತ್ರಿಕೆ ಟ್ರಸ್ಟಿನದು, ಜರ್ಮನಿಯ ಟಾಜ್ ದಿನಪತ್ರಿಕೆ 1992ರಿಂದ ಓದುಗರ ಸಹಕಾರಿಯ ಕೈಯಲ್ಲಿದೆ. ಆದರೆ ಟ್ರಸ್ಟ್ ಮಾಡಿದರೆ ತೆರಿಗೆ ಉಳಿಯಿತು ಎಂದುಕೊಳ್ಳಬೇಡಿ. ಸಂಯುಕ್ತ ಕರ್ನಾಟಕದ ಲೋಕಶಿಕ್ಷಣ ಟ್ರಸ್ಟಿನ ಪ್ರಕರಣದಲ್ಲೇ 1975ರಲ್ಲಿ ಸುಪ್ರೀಂ ಕೋರ್ಟು, ಲಾಭಕ್ಕೆ ಪತ್ರಿಕೆ ನಡೆಸುವುದು ಧರ್ಮಾರ್ಥ ಉದ್ದೇಶವಲ್ಲ ಎಂದಿತು. ಇನ್ನು ಸಹಕಾರಿ ಸಂಘದ ಆಡಳಿತ ಮಂಡಳಿ ಚುನಾವಣೆ ನಮ್ಮ ಕಡೆ ಹೇಗೆ ನಡೆಯುತ್ತದೆ ಎಂದು ಬಾಗಲಕೋಟೆಯವರಿಗೆ ನಾನು ಹೇಳಬೇಕೇ?

ನನಗೆ ಹೆಚ್ಚು ಸರಿ ಕಾಣುವುದು ದಿನಪತ್ರಿಕೆಯನ್ನು ವಾರಪತ್ರಿಕೆ ಮಾಡುವುದು. ನಿಮ್ಮ ನಾಲ್ಕು ಪುಟದಲ್ಲಿ ಎರಡು ಪುಟ ವಾಟ್ಸ್ಆ್ಯಪಿನಲ್ಲಿ ಬಂದ ಪತ್ರಿಕಾ ಪ್ರಕಟಣೆಗಳೇ ಇದ್ದಾವು, ಅವನ್ನು ಓದುಗ ಹಿಂದಿನ ದಿನವೇ ಮೊಬೈಲಿನಲ್ಲಿ ನೋಡಿರುತ್ತಾನೆ. ವಾರಕ್ಕೊಮ್ಮೆಯಾದರೆ ಅಚ್ಚು, ಕಾಗದದ ಖರ್ಚು ಬಹಳ ಇಳಿಯುತ್ತದೆ, ಹುಡುಗರಿಗೆ ಒಂದು ಸುದ್ದಿಯ ಹಿಂದೆ ಬೀಳಲು ಸಮಯ ಸಿಗುತ್ತದೆ. ಮುಧೋಳ, ರಬಕವಿ-ಬನಹಟ್ಟಿ ಕಡೆಯ ನಿಮ್ಮಂಥ ಪತ್ರಿಕೆಗಳವರ ಜೊತೆ ಸೇರಿ ಅಚ್ಚು, ಜಾಹೀರಾತು ವಸೂಲಿ, ಕೋರ್ಟಿನ ವರದಿಗಾರ ಇಷ್ಟನ್ನು ಹಂಚಿಕೊಳ್ಳಬಹುದು. ಸಂಪಾದಕೀಯವನ್ನು, ಮುಖಪುಟವನ್ನು ಹಂಚಿಕೊಳ್ಳಬೇಡಿ, ಹಂಚಿಕೊಂಡರೆ ಯಾರೂ ಕೊಳ್ಳದೆಯೇ ನೀವೆಲ್ಲ ಒಂದೇ ಪತ್ರಿಕೆಯಾಗಿಬಿಡುತ್ತೀರಿ.

ಇದರಲ್ಲೂ ನಷ್ಟವಿದೆ. ದಿನಪತ್ರಿಕೆಗೆ ಸಿಗುವಷ್ಟು ಸರ್ಕಾರಿ ಜಾಹೀರಾತು ವಾರಪತ್ರಿಕೆಗೆ ಸಿಗದು, ಮೊದಲ ಆರು ತಿಂಗಳು ಊರಲ್ಲಿ "ಪೇಪರ್ ಮುಚ್ಚಿದರಂತೆ" ಎಂಬ ಮಾತೂ ಬರುತ್ತದೆ. ಹಾಗಾಗಿ ಮೊದಲು ವಾರ್ತಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನಿಮ್ಮ ಜಾಹೀರಾತು ದರ ಎಷ್ಟಕ್ಕೆ ಇಳಿಯುತ್ತದೆ ಎಂದು ಬರಹದಲ್ಲಿ ಕೇಳಿ, ಅದನ್ನು ಉಳಿಯುವ ಅಚ್ಚಿನ ಖರ್ಚಿನ ಎದುರು ಇಟ್ಟು ನೋಡಿ. ಲೆಕ್ಕ ಹೊಂದಿದರೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಪತ್ರಿಕೆ ನೋಂದಣಿಯ ಹೊಸ ಕಾಯ್ದೆಯಂತೆ ಸರ್ಕಾರದ ಪ್ರೆಸ್ ಸೇವಾ ಪೋರ್ಟಲಿನಲ್ಲಿ ನೋಂದಣಿ ಪತ್ರದ ತಿದ್ದುಪಡಿಗೆ ಅರ್ಜಿ ಹಾಕಿ. ತಿದ್ದಿದ ಪತ್ರ ಕೈಗೆ ಬರುವವರೆಗೆ ದಿನದ ಸಂಚಿಕೆ ನಿಲ್ಲಿಸಬೇಡಿ. ನಡುವೆ ತಿಂಗಳುಗಟ್ಟಲೆ ಪತ್ರಿಕೆ ಬರದಿದ್ದರೆ, ಸಾವಕಾರರು ಕೇಳುತ್ತಿರುವ ಆ ಹೆಸರಿಗೇ ಕುತ್ತು ಬಂದೀತು.